ಕರೆಂಟ್ ಹೋದ ಮೇಲಿನ ಹಾಟ್ ಪ್ಲೇಟ್

ಮಠದ ಹಾಸ್ಟೆಲಿನಲ್ಲಿ ಬೆಳೆದವನು ನಾನು. ಗಂಟೆ ಬಾರಿಸಿದರೆ ಏಳಬೇಕು, ಉಂಡ ತಟ್ಟೆ ತೊಳೆದು ಬೋರಲು ಹಾಕಬೇಕು, ದೀಪ ಆರಿಸಿಯೇ ಮಲಗಬೇಕು. ಆ ಶಿಸ್ತನ್ನೇ ಶಿರಾದ ಕಾಲೇಜಿನ ರಸಾಯನಶಾಸ್ತ್ರ ಪ್ರಯೋಗಾಲಯಕ್ಕೂ ತಂದೆ. ಅಲ್ಲಿ ನನ್ನದೊಂದೇ ಹಟ: ಕರೆಂಟ್ ಹೋದ ಕೂಡಲೇ ಹಾಟ್ ಪ್ಲೇಟಿನ ಗುಂಡಿಯನ್ನು ಸೊನ್ನೆಗೆ ತಿರುಗಿಸಬೇಕು, ಪ್ಲಗ್ ಕೀಳಬೇಕು, ಹತ್ತಿರವಿರುವ ಸ್ಪಿರಿಟ್ ಸೀಸೆಯನ್ನು ಬೀರುವಿಗೆ ಸೇರಿಸಬೇಕು. ಕಿಟಕಿ ತೆರೆದು ಗಾಳಿಗೆ ನಿಲ್ಲುವುದು ಆಮೇಲೆ. ಇದನ್ನು ಹೇಳಿ ಹೇಳಿ ನನಗೇ ಸಾಕಾಗಿದೆ.

ನಮ್ಮ ಅಟೆಂಡರ್ ತಾವರೆಕೆರೆ ಕಡೆಯವನು, ನನಗಿಂತ ಸ್ವಲ್ಪ ಚಿಕ್ಕವನು. ಅವನ ಹೊಲದಲ್ಲಿ ಬೋರ್‌ವೆಲ್ ಇದೆ. ನಮ್ಮಲ್ಲಿ ತ್ರೀಫೇಸ್ ಕರೆಂಟ್ ಯಾವ ಹೊತ್ತಿಗೆ ಬರುತ್ತದೋ ನಂಬುವಂತಿಲ್ಲ. ಹಾಗಾಗಿ ಜನ ಮೋಟರಿಗೆ ಆಟೋ ಸ್ಟಾರ್ಟರ್ ಹಾಕಿಸಿ ಮನೆಗೆ ಹೋಗುತ್ತಾರೆ. ಕರೆಂಟ್ ಬಂದರೆ ಮೋಟರು ತಾನೇ ಓಡುತ್ತದೆ. ಆ ಅಭ್ಯಾಸವನ್ನು ಅವನು ಹಾಟ್ ಪ್ಲೇಟಿಗೂ ತಂದಿದ್ದ.

"ಗುಂಡಿ ಅಂಗೇ ಇರ್ಲಿ ಬುಡಿ ಸಾರ್. ಕರೆಂಟ್ ಬಂದ್ರೆ ಅದ್ರ ಪಾಡಿಗೆ ಅದು ಕಾಯ್ತದೆ."

"ನೀರು ಬತ್ತಿದ ಮೇಲೆ ತಾನೇ ನಿಲ್ಲೋಕೆ ಅದೇನು ನಿನ್ನ ಮೋಟರಾ?"

"ನಮ್ ಮೋಟರೂ ನಿಲ್ಲಕಿಲ್ಲ ಸಾರ್. ಹೋದ್ಸಲ ಸುಟ್ಟೋಯ್ತು," ಎಂದು ನಕ್ಕ.

ಈ ಬೇಸಗೆಯ ಒಂದು ಮಧ್ಯಾಹ್ನ, ಪಟಿಕದ ದ್ರಾವಣ ಕಾಯುತ್ತಿದ್ದಾಗ ಕರೆಂಟ್ ಹೋಯಿತು. ನಾನು ಪ್ರಾಂಶುಪಾಲರ ಕೋಣೆಯಲ್ಲಿದ್ದೆ. ಅವನು ಬಾಗಿಲು ಮುಂದೆ ಮಾಡಿ ಊಟಕ್ಕೆ ಹೋದ. ನಾವಿಬ್ಬರೂ ಹಿಂತಿರುಗಿದಾಗ ಬೀಕರಿನಲ್ಲಿ ನೀರಿರಲಿಲ್ಲ. ತಳಕ್ಕೆ ಬಿಳಿ ಹಕ್ಕಳೆ ಕಟ್ಟಿ ಗಾಜು ಬಿರಿದು ಚೂರು ಬಿದ್ದಿತ್ತು. ಪಕ್ಕದಲ್ಲೇ ಸ್ಪಿರಿಟ್ ಸೀಸೆ. ಫ್ಯಾನು ನಿಂತಿತ್ತು, ಪ್ಲೇಟಿನ ದೀಪ ಆರಿತ್ತು. ಸೌದೆ ಒಲೆಯ ಹಾಗೆ ಕೆಂಪಾಗಿ ಎಚ್ಚರಿಸುವ ವಸ್ತುವಲ್ಲ ಅದು; ಕಾದಾಗಲೂ ತಣ್ಣಗಿರುವಾಗಲೂ ಒಂದೇ ಮುಖ.

"ಅಯ್ಯೋ, ಒಡೆದೋಗದೆ," ಎಂದು ಅವನು ಚೂರು ಬಾಚಲು ಕೈ ಚಾಚಿದ.

"ಮುಟ್ಟಬೇಡ!"

ನನ್ನ ಕೂಗಿಗೆ ಕೈ ಅರ್ಧಕ್ಕೇ ನಿಂತಿತು. ಮೊದಲು ಸೀಸೆಯನ್ನು ದೂರ ಇಟ್ಟೆ. ಆಮೇಲೆ ನಲ್ಲಿ ನೀರಿನಲ್ಲಿ ಬೆರಳು ಅದ್ದಿ ಪ್ಲೇಟಿನ ಅಂಚಿಗೆ ಒಂದು ಹನಿ ಚಿಮುಕಿಸಿದೆ. ಚುಂಯ್ ಎಂದು ಹಾರಿಹೋಯಿತು.

"ಕರೆಂಟೇ ಇಲ್ವಲ್ಲ ಸಾರ್!"

"ಬಂದು, ಕಾಯಿಸಿ, ಮತ್ತೆ ಹೋಗಿದೆ ಕಣಯ್ಯಾ. ನಾವು ನೋಡಲಿಲ್ಲ, ಅಷ್ಟೇ."

ಅವನು ತನ್ನ ಅಂಗೈಯನ್ನೇ ನೋಡುತ್ತ ನಿಂತ. ಬೈಯಲು ನನಗೆ ಶಕ್ತಿ ಉಳಿದಿರಲಿಲ್ಲ. ಮುಂದಿನ ತಿಂಗಳು ನನಗೆ ನಿವೃತ್ತಿ. ನನ್ನ ಜಾಗಕ್ಕೆ ಇನ್ನೂ ಯಾರೂ ಬಂದಿಲ್ಲ. ಮಕ್ಕಳು ಬರುವ ಮೊದಲು ಎಲ್ಲ ಜೋಡಿಸುವವನೂ, ಅವರು ಹೋದ ಮೇಲೆ ಬೀಗ ಹಾಕುವವನೂ ಅವನೊಬ್ಬನೇ ಆಗುತ್ತಾನೆ. ಆಗ ಆ ಕೈಗೆ "ಬೇಡ" ಎನ್ನುವವರು ಯಾರು? ಮನೆಗೆ ಹೋಗುವ ಬಸ್ಸಿನಲ್ಲಿ ಕೂತರೂ ನನಗೆ ಇದೇ ಯೋಚನೆ.

ನಿನ್ನೆ ಮತ್ತೆ ಕರೆಂಟ್ ಹೋಯಿತು. ಮಂಡಿ ನೋಯುತ್ತಿತ್ತು, ನಾನು ಸ್ಟೂಲ್ ಬಿಟ್ಟು ಏಳಲಿಲ್ಲ, ಬಾಯಿಯನ್ನೂ ತೆರೆಯಲಿಲ್ಲ. ಅವನು ಪ್ಲಗ್ ಕಿತ್ತು ಬಾಗಿಲವರೆಗೆ ಹೋಗಿ ತಿರುಗಿದ.

"ಏನ್ ಸಾರ್, ಅಂಗ್ ನೋಡ್ತೀರಾ? ಪ್ಲಗ್ ಕಿತ್ತಿವ್ನಲ್ಲ."

ಅವನು ಗೊಣಗುತ್ತ ವಾಪಸು ಬಂದು ಗುಂಡಿಯನ್ನು ಸೊನ್ನೆಗೆ ತಿರುಗಿಸಿದ. ಮತ್ತೆ ಬಾಗಿಲಿಗೆ ಹೋದ. ಮತ್ತೆ ನಿಂತ.

"ಥೂ, ಆ ಸೀಸೆ ಬೇರೆ," ಎಂದು ಬಂದು ಅದನ್ನು ಬೀರುವಿನಲ್ಲಿ ಇಟ್ಟ.

"ನೀವ್ ಹೋದ್ಮೇಲೂ ಆ ಸ್ಟೂಲ್ ಅಲ್ಲೇ ಇರ್ಲಿ ಸಾರ್. ಕಂಡ್ರೆ ನಿಮ್ ಮುಖ ಗ್ಯಾಪಕ ಬತ್ತದೆ."

ನಾನು ಮಂಡಿ ಹಿಡಿದುಕೊಂಡು, ಕಿಟಕಿ ತೆರೆಯಲು ಎದ್ದೆ.