ಎರಡು ರಿಂಗ್ ಕೊಟ್ಟರೆ ಒಂದೇ ಬಂತು

ಕಳೆದ ಭಾನುವಾರ ಬೆಳಿಗ್ಗೆ ಊರಿಗಾಂನ ಮನೆಯಲ್ಲಿ ಕಾಫಿ ಹಿಡಿದು ಪೇಪರ್ ಓದುತ್ತಿದ್ದೆ. ಎರಡು ದೊಡ್ಡ ಫೋನ್ ಕಂಪನಿಗಳು ಕೋರ್ಟ್ ಮೆಟ್ಟಿಲು ಹತ್ತಿವೆಯಂತೆ. ಎಲ್ಲ ಫೋನೂ ಪಾಲಿಸಬೇಕಾದ ನಿಯಮ, ಅಂದರೆ ನೆಟ್‌ವರ್ಕ್ ಸ್ಟ್ಯಾಂಡರ್ಡ್‌ನಲ್ಲಿರುವ ಟೆಕ್ನಾಲಜಿ ನನ್ನ ಪೇಟೆಂಟು, ದುಡ್ಡು ಕೊಡು ಅಂತ ಒಬ್ಬ, ನಿನ್ನದು ನನ್ನ ಮೆಷಿನ್ನಿಗೆ ಹೊಂದುವುದೇ ಇಲ್ಲ, ಕೊಡಲ್ಲ ಅಂತ ಇನ್ನೊಬ್ಬ. ನಮಗೇನು ಬಿಡಿ ಅಂದುಕೊಂಡು ಪುಟ ತಿರುಗಿಸಿದೆ.

ಆಗಲೇ ನನ್ನ ಫೋನ್ ಒಂದು ರಿಂಗ್ ಆಗಿ ಕಟ್ ಆಯಿತು.

ಬೇತಮಂಗಲದ ಚಿಕ್ಕಮ್ಮ! ಅವರ ಹಸು ಗೌರಿಗೆ ದಿನ ತುಂಬಿತ್ತು. ಹಸುವಿನ ಡಾಕ್ಟರು ಇರುವುದು ನಮ್ಮ ಬೀದಿಯಲ್ಲಿ. ಅವರನ್ನು ಸ್ಕೂಟರಲ್ಲಿ ಕೂರಿಸಿಕೊಂಡು ಹೋಗುವ ಡ್ಯೂಟಿ ನನ್ನದು. ಅದಕ್ಕೆ ನಮ್ಮದೂ ಒಂದು ಸ್ಟ್ಯಾಂಡರ್ಡ್ ಇದೆ. ಒಂದು ರಿಂಗ್ ಕೊಟ್ಟು ಕಟ್ ಮಾಡಿದರೆ ‘ಎಲ್ಲ ಚೆನ್ನಾಗಿದೆ’. ಅದೇ ಕಾಲಲ್ಲಿ ಎರಡು ರಿಂಗ್ ಆಗಿ ಕಟ್ ಆದರೆ ‘ಡಾಕ್ಟರನ್ನು ಕರಕೊಂಡು ಓಡಿ ಬಾ’. (ಈಗ ಕಾಲ್ ಎಲ್ಲ ಫ್ರೀ ಚಿಕ್ಕಮ್ಮ ಅಂದರೆ, “ಫ್ರೀ ಅಂತ ಏಳಿ ಆಮ್ಯಾಕೆ ಕಿತ್ಕಂತಾರೆ ಕಣ್ಲಾ” ಅನ್ನುತ್ತಾರೆ.)

ಒಂದೇ ತಾನೇ? ಆರಾಮಾಗಿ ಇನ್ನೊಂದು ಲೋಟ ಕಾಫಿ ಹಾಕಿಸಿಕೊಂಡೆ.

ಅದು ಖಾಲಿಯಾಗುವಷ್ಟರಲ್ಲಿ ಮತ್ತೆ ಫೋನು. ಈ ಸಲ ಕಟ್ ಆಗಲಿಲ್ಲ. ಎತ್ತಿದರೆ ಚಿಕ್ಕಮ್ಮನ ದನಿ ನಡುಗುತ್ತಿದೆ. “ಎರಡು ರಿಂಗ್ ಕೊಟ್ಟಿವ್ನಿ, ಎಲ್ಲಿದ್ದೀಯಲಾ? ಕರು ಕಾಲು ಸಿಕ್ಕಾಕ್ಕೊಂಡೈತೆ. ಗೌರಿ ಉಳೀತಾಳೋ ಇಲ್ವೋ!”

ಡಾಕ್ಟರನ್ನು ಲುಂಗಿಯಲ್ಲೇ ಸ್ಕೂಟರ್ ಹತ್ತಿಸಿದೆ.

ಕೊಟ್ಟಿಗೆಯಲ್ಲಿ ಡಾಕ್ಟರು ‘ಇಳು, ಇಳು’ ಅಂತ ತಮಿಳಿನಲ್ಲಿ ಎಳೆಯಲು ಕೂಗಿದರು. ಚಿಕ್ಕಮ್ಮ ತೆಲುಗಿನಲ್ಲಿ ಗೌರಿಗೆ ಸಮಾಧಾನ ಹೇಳಿದರು. (ಹಸು ಜೊತೆ ಅವರದು ಯಾವಾಗಲೂ ತೆಲುಗೇ.) ನಾನು ಕನ್ನಡದಲ್ಲಿ ದೇವರನ್ನು ಕರೆಯುತ್ತಾ ಎಳೆದೆ. ಕಂಪ್ಯಾಟಿಬಿಲಿಟಿ ಪ್ರಾಬ್ಲಂ ಯಾರಿಗೂ ಬರಲಿಲ್ಲ ನೋಡಿ! ಕರು ನನ್ನ ಕೈಗೇ ಜಾರಿ ಬಿತ್ತು. ಹೆಣ್ಣು ಕರು. ತಾಯಿ ಮಗಳು ಇಬ್ಬರೂ ಕ್ಷೇಮ. ಖುಷಿಗೆ ನನ್ನ ಕಣ್ಣು ತುಂಬಿತು.

ಆಮೇಲೆ ಶುರುವಾಯಿತು ಪಂಚಾಯಿತಿ. ಎರಡು ಕೊಟ್ಟೆ ಅಂತ ಚಿಕ್ಕಮ್ಮ, ಒಂದೇ ಬಂತು ಅಂತ ನಾನು. ಕೊನೆಗೆ ಡಾಕ್ಟರೇ ಜಡ್ಜ್ ಆಗಿ, ನಮ್ಮ ಫೋನುಗಳನ್ನು ಜಗಲಿ ಮೇಲಿಟ್ಟು ಕಾಲ್ ಮಾಡಿಸಿದರು. ಚಿಕ್ಕಮ್ಮನ ಫೋನಲ್ಲಿ ಒಂದು ರಿಂಗ್ ಕೇಳಿ ಮುಗಿದ ಮೇಲೆ ನನ್ನದಕ್ಕೆ ಎಚ್ಚರವಾಯಿತು! ಹೋದ ವಾರ ಅವರು ಬೇರೆ ಕಂಪನಿ ಸಿಮ್ ಹಾಕಿಸಿಕೊಂಡಿದ್ದರಂತೆ. ಅಲ್ಲಿಯ ಎರಡು, ಇಲ್ಲಿಗೆ ಬರುವಷ್ಟರಲ್ಲಿ ಒಂದು. ನಾವಿಬ್ಬರೂ ನಿಜವನ್ನೇ ಹೇಳುತ್ತಿದ್ದೆವು.

ಹಾಗಾದರೆ ಯಾರು ಯಾರಿಗೆ ಹೊಂದಿಕೊಳ್ಳಬೇಕು? ನಾನು ಬುದ್ಧಿವಂತನ ಹಾಗೆ ಹೊಸ ಕೋಡ್ ವಿವರಿಸಲು ಹೊರಟೆ. ಚಿಕ್ಕಮ್ಮ ಕರುವಿನ ಮೈ ಒರೆಸುತ್ತಲೇ ತಡೆದರು.

“ಅದೆಲ್ಲ ಬ್ಯಾಡ ಕಣ್ಲಾ. ರಿಂಗ್ ಎಷ್ಟಾರ ಆಗ್ಲಿ, ನನ್ ನಂಬರ್ ಕಂಡ್ರೆ ಬಂದ್ಬುಡು. ಏನೂ ಇಲ್ದಿದ್ರೆ ಊಟ ಮಾಡ್ಕಂಡು ಓಗು.”

ಕೋರ್ಟಿನಲ್ಲಿ ಕೂತಿರುವ ಸ್ವಾಮಿಗಳೇ, ಈ ಸ್ಟ್ಯಾಂಡರ್ಡಿನ ಪೇಟೆಂಟ್ ಯಾರ ಹೆಸರಿಗೆ ಬರೆಯುತ್ತೀರಿ?