ಕೌಂಟ್ ಇಳಿದ ದಿನ

ಮೀನು ಚುಚ್ಚಿದ ಗಾಯಕ್ಕೆ ನಮ್ಮ ಗಂಗೊಳ್ಳಿಯಲ್ಲಿ ಮೊದಲು ಡಾಕ್ಟರಲ್ಲ, ಬಿಸಿನೀರು. ಅದಾದ ಮೇಲೆ ವಿಷ ತೆಗೆಯುವ ಅಜ್ಜ. ತೊರಕೆ ಮೀನಿನ ಬಾಲದ ಮುಳ್ಳು ಅಮ್ಮನ ಬಲಗೈಗೆ ನಾಟಿದಾಗಲೂ ಹಾಗೇ ಆಯಿತು. ಬಿಸಿನೀರಿನ ಬಗ್ಗೆ ನನ್ನ ತಕರಾರಿಲ್ಲ, ಮೀನಿನ ವಿಷಕ್ಕೆ ಅದು ನಿಜಕ್ಕೂ ಒಳ್ಳೆಯದು. ನೋವು ಇಳಿಯಿತು. ಅಜ್ಜ ಅದೇನೋ ಸೊಪ್ಪು ಅರೆದು ಕಟ್ಟಿ, ವಿಷ ತೆಗೆದಾಯಿತು ಎಂದರು. ಮರುದಿನ ಬೆಳಿಗ್ಗೆ ಅಮ್ಮ ಬಂದರಿನಲ್ಲಿ ಕುಳಿತು, ಅದೇ ಕೈಯನ್ನು ಐಸು ಕರಗಿದ ಕೊಳಕು ನೀರಿಗೆ ಅದ್ದಿ ಮೀನು ಆರಿಸುತ್ತಿದ್ದಳು.

ನಾನು ಆಗ ಕುಂದಾಪುರದ ಒಂದು ಸಣ್ಣ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುತ್ತಿದ್ದೆ. ಮದುವೆಯಾಗಿ ಅಲ್ಲೇ ಮನೆ. ಮೂರನೇ ದಿನ ಅಮ್ಮ ಮೀನು ಕೊಡಲು ಬಂದಾಗ ಕೈ ಮುಂಗೈವರೆಗೆ ಊದಿತ್ತು. ಆಸ್ಪತ್ರೆಗೆ ಹೋಗೋಣ ಎಂದರೆ, "ಕೀವ್ ಬಪ್ಪುಕೆ ಶುರು ಆಯ್ತಲೆ ಹೆಣೆ, ವಿಷ ಎಲ್ಲ ಹೊರಗ್ ಹೋತ್ತ್" ಎಂದಳು.

ನನಗೆ ಮೈಯೆಲ್ಲ ಉರಿಯಿತು. ಕೀವೆಂದರೆ ಹೊರಬಿದ್ದ ವಿಷವಲ್ಲ, ಸತ್ತ ಬಿಳಿ ರಕ್ತಕಣಗಳ ರಾಶಿ. ಗಾಯದೊಳಗೆ ಹೊಕ್ಕ ರೋಗಾಣು ತಾನೇ ವಿಷ ಕಾರುತ್ತದೆ, ಕಾಪಾಡಲು ಬಂದ ಕಣಗಳ ಪೊರೆಯನ್ನೇ ಆ ವಿಷ ತೂತು ಮಾಡಿ ಕೊಲ್ಲುತ್ತದೆ. ಮೀನಿನ ವಿಷ ಬೇರೆ, ಇದು ಬೇರೆ ಎಂದು ಬಾಯಿ ನೋಯುವಷ್ಟು ಹೇಳಿದೆ. ಹಿತ್ತಲ ಗಿಡ ಮದ್ದಲ್ಲ. ಕಡೆಗೆ ಜಗಳವಾಡಿ ಲ್ಯಾಬಿಗೆ ಎಳೆದುಕೊಂಡು ಹೋಗಿ ರಕ್ತ ತೆಗೆದೆ. ಬಿಳಿ ಕಣಗಳ ಕೌಂಟ್ ಸಿಕ್ಕಾಪಟ್ಟೆ ಏರಿತ್ತು, ಸೋಂಕಿನ ಗುರುತು. ಪಕ್ಕದ ಕ್ಲಿನಿಕ್ಕಿನ ಡಾಕ್ಟರು ಮಾತ್ರೆ ಬರೆದು, ಎರಡು ದಿನ ಬಿಟ್ಟು ಇನ್ನೊಮ್ಮೆ ಪರೀಕ್ಷೆ ಮಾಡಿಸಿ ತೋರಿಸಲು ಹೇಳಿದರು.

ಎರಡು ದಿನದ ನಂತರ ಅಮ್ಮ ಬಂದಳು. ಮಾತ್ರೆ ಉಷ್ಣವಂತೆ, ಅರ್ಧಕ್ಕರ್ಧ ನುಂಗಿರಲಿಲ್ಲ. ಮುಖ ಬಿಳಚಿತ್ತು. ಆದರೆ ಕೌಂಟ್ ಮಾತ್ರ ಎಲ್ಲರಿಗೂ ಇರಬೇಕಾದಷ್ಟಕ್ಕೆ ಇಳಿದಿತ್ತು. ಖುಷಿ ತಡೆಯಲಾಗದೆ ಒಳಗಿನಿಂದಲೇ ಕೂಗಿದೆ, "ಕಡ್ಮಿ ಆಯ್ತಮ್ಮ, ನಾರ್ಮಲ್!" ಅವಳು ಡಾಕ್ಟರಿಗೂ ಕಾಯದೆ ಬಸ್ಸು ಹತ್ತಿದಳು. ಹುಟ್ಟಿದಾಗಿನಿಂದ ನನ್ನ ಮಾತನ್ನು ಅವಳು ಒಂದೇ ಸಲಕ್ಕೆ ಕೇಳಿದ್ದು ಅವತ್ತೇ ಇರಬೇಕು.

ಅಮ್ಮನ ರಕ್ತದ ಹನಿ ಸವರಿದ ಗಾಜಿನ ಸ್ಲೈಡ್ ಒಣಗಲು ಇಟ್ಟಿದ್ದೆ. ಮನೆಯವರದ್ದು, ನಿಧಾನಕ್ಕೆ ನೋಡಿದರಾಯಿತು ಎಂದು ಬೇರೆಯವರ ಸ್ಲೈಡುಗಳನ್ನೆಲ್ಲ ಮುಗಿಸಿದೆ. ಊರಿಗೆ ಉಪಕಾರಿ, ಮನೆಗೆ ಮಾರಿ. ಸಂಜೆಯ ಹೊತ್ತಿಗೆ ಅದನ್ನು ಮೈಕ್ರೋಸ್ಕೋಪಿನ ಕೆಳಗಿಟ್ಟೆ. ಇದ್ದ ಕೆಲವೇ ಬಿಳಿ ಕಣಗಳ ತುಂಬ ಕಪ್ಪು ಕಾಳು, ನಡುನಡುವೆ ನೀರುದೋಸೆಯಂತೆ ತೂತು. ಬಲಿಯದ ಎಳೆ ಕಣಗಳೂ ರಕ್ತಕ್ಕೆ ಬಂದಿದ್ದವು. ಕೌಂಟ್ ಇಳಿದದ್ದು ರೋಗ ವಾಸಿಯಾಗಿ ಅಲ್ಲ. ಕಣಗಳು ಹುಟ್ಟುವುದಕ್ಕಿಂತ ಬೇಗ ಸಾಯುತ್ತಿದ್ದವು. ಕೌಂಟ್, ಸ್ಲೈಡ್ ಎರಡನ್ನೂ ಸೇರಿಸಿ ನೋಡಬೇಕೆಂದು ನಾನೇ ಹೊಸ ಹುಡುಗಿಯರಿಗೆ ಪಾಠ ಹೇಳುತ್ತಿದ್ದೆ!

ಪಕ್ಕದ ಮನೆಯ ಫೋನಿಗೆ ಅಮ್ಮನನ್ನು ಕರೆಸಿದೆ. "ನೀನೇ ಕಡ್ಮಿ ಆಯ್ತ್ ಅಂದ್ಯಲೆ, ಈಗ ಎಂತ ಮತ್ತೊಂದ್ ರಾಗ? ನಾಳೆ ಬತ್ತೆ." ಬಸ್ಸು ಹಿಡಿದು ಗಂಗೊಳ್ಳಿಗೆ ಓಡಿದೆ. ಅತ್ತೆ, ಬೈದೆ, ಕಾಲು ಹಿಡಿದೆ. ಅವಳು ಜಪ್ಪಯ್ಯ ಎಂದರೂ ಏಳಲಿಲ್ಲ. ಬೆಳಿಗ್ಗೆ ಏಳಬೇಕೆಂದರೂ ಅವಳಿಂದ ಆಗಲಿಲ್ಲ.

ದೊಡ್ಡಾಸ್ಪತ್ರೆಯ ಡಾಕ್ಟರು ಕೈಗೆ ಸುತ್ತಿದ್ದ ಬಟ್ಟೆ ಬಿಚ್ಚಿ, ಕಪ್ಪಗಾಗಿದ್ದ ಎರಡು ಬೆರಳುಗಳನ್ನು ತೆಗೆಯಲೇಬೇಕು ಎಂದರು. ಕೈ ಉಳಿದರೆ ಪುಣ್ಯ. "ನಿನ್ನೆ ಬಂದಿದ್ದರೆ ಬೇರೆ ಮಾತಿತ್ತು. ಯಾಕಮ್ಮಾ ಬರಲಿಲ್ಲ?"

ಅಮ್ಮ ಆ ಜ್ವರದಲ್ಲೂ ತಲೆಯೆತ್ತಿ ನನ್ನ ಕಡೆ ತೋರಿಸಿದಳು. ಅವಳ ದನಿಯಲ್ಲಿ ದೂರಿರಲಿಲ್ಲ, ಹೆಮ್ಮೆಯಿತ್ತು.

"ನನ್ನ ಮಗ್ಳೇ ಲ್ಯಾಬಂಗೆ ಇಪ್ಪುದ್ ಡಾಕ್ಟ್ರೆ. ಕಡ್ಮಿ ಆಯ್ತ್ ಅಂದೇಳಿ ಅದೇ ಹೇಳಿತ್."