ಬೇಕಾದಲ್ಲಿ ಮಾತ್ರ ಬಿಗಿ

ಭಾನುವಾರ, ಬೆಳಗ್ಗೆ ಏಳೂವರೆ. ಹೊಸೂರಿನ ನಮ್ಮ ಮನೆಯ ಊಟದ ಮೇಜಿನ ಬಳಿ ಇದ್ದವರು ನಾನು, ನನ್ನ ತಮ್ಮನ ಮಗಳು ಶಶಿಕಲಾ. ಅವಳ ಫೋನಿನಲ್ಲಿ ಬಾಗಲೂರಿನ ಗುಲಾಬಿ ಬೆಳೆಗಾರ ವೆಂಕಟಪ್ಪ.

“ಏನಮ್ಮಾ, ನೆನ್ನೆ ಇಪ್ಪತ್ತು ಕಟ್ಟು ಕುಯ್ದೆ, ಇವತ್ತು ಐದು. ನಿನ್ ಪುಟದಾಗೆ ಇನ್ನೂರೈದು ಅಂತೈತೆ. ಮಿಕ್ಕಿದ್ ಹೂವು ಕಂಪ್ಯೂಟರ್ನಾಗೆ ಬಿಡ್ತಾವಾ? ಸಂಜೆಗೆ ಸರಿ ಮಾಡು. ಇಲ್ದಿದ್ರೆ ನಾಳೆಯಿಂದ ನಮ್ಗೆ ಮೊದ್ಲಿನಂಗೆ ಚೀಟಿನೇ ಸಾಕು.”

ಆ ಊರಿನ ಬೆಳೆಗಾರರೆಲ್ಲ ಒಂದೇ ವಾಹನದಲ್ಲಿ ಹೂ ಕಳಿಸುತ್ತಾರೆ. ಒಟ್ಟು ಎಷ್ಟು ಕಟ್ಟು ಎಂದು ನೋಡಿ ವಾಹನ ಗೊತ್ತುಮಾಡಲು ಶಶಿಕಲಾ ಆ ವೆಬ್ ಪುಟ ಮಾಡಿದ್ದಳು. ಅವರನ್ನು ಒಪ್ಪಿಸಲು ಎರಡು ತಿಂಗಳು ತೋಟದಿಂದ ತೋಟಕ್ಕೆ ಅಲೆದಿದ್ದಳು. ಅವರು ಚೀಟಿಗೆ ಮರಳಿದರೆ ಅಷ್ಟೂ ವ್ಯರ್ಥ.

ತಪ್ಪು ಸಣ್ಣದು. ಪುಟದಲ್ಲಿ ತುಂಬಿದ ಅಂಕಿಯನ್ನು, ಅವಳು ಪುಟ ಬರೆದಿದ್ದ ಕಂಪ್ಯೂಟರ್ ಭಾಷೆ ಅಕ್ಷರವೆಂದೇ ಓದುತ್ತದೆ. ಇಪ್ಪತ್ತಕ್ಕೆ ಐದನ್ನು ಕೂಡಿಸೆಂದರೆ ಎರಡನ್ನೂ ಪಕ್ಕಪಕ್ಕ ಅಂಟಿಸಿಬಿಡುತ್ತದೆ. ಇದೇ ಭಾಷೆಯ ಇನ್ನೊಂದು ರೂಪದಲ್ಲಿ, ಬೇಕೆನಿಸಿದರೆ, ಲೆಕ್ಕದಲ್ಲಿ ಬಳಸುವ ಪ್ರತಿ ಮೌಲ್ಯದ ಹೆಸರಿನ ಪಕ್ಕ ‘ಇದು ಸಂಖ್ಯೆ’, ‘ಇದು ಅಕ್ಷರ’ ಎಂದು ಜಾತಿ ಬರೆಯಬಹುದು. ಬೇಡವೆನಿಸಿದರೆ ಬಿಡಬಹುದು. ನಿವೃತ್ತಿಯ ನಂತರ ದಿನಾ ಆರರಿಂದ ಏಳರವರೆಗೆ ಕೂತು ನಾನು ಕಲಿತದ್ದು ಇದನ್ನೇ. ಗಾಜಿನ ಡಬ್ಬಿಯ ಮೇಲೂ ‘ಉಪ್ಪು’ ಎಂದು ಚೀಟಿ ಅಂಟಿಸುವ ಮನುಷ್ಯ ನಾನು. ‘ಬಿಡಬಹುದು’ ಎಂಬುದನ್ನು ಓದಿದ್ದೆ, ನಂಬಿರಲಿಲ್ಲ.

“ಎಲ್ಲ ಹೆಸರಿಗೂ ಬರೆ. ಒಂದೂ ಬಿಡಬೇಡ,” ಎಂದೆ.

“ಎಲ್ಲಾಕೂ ಬರೀತಾ ಕೂತ್ರೆ ಸಂಜೆಗೆ ಮುಗಿಯಾಕಿಲ್ಲ, ದೊಡ್ಡಪ್ಪ. ಕಟ್ಟು ಕೂಡಿಸೋ ತಾವ ಬರೆದ್ರೆ ಸಾಕು. ನೀವೇನು ಇನ್ನೂ ಸ್ಟೋರ್ಸ್‌ನಾಗೇ ಇದೀರಾ?”

ಇದ್ದೆ, ನೋಡಿ. ನಾನು ಬಿಡಿಭಾಗ ಕೊಡುವ ಕೆಲಸದಲ್ಲಿದ್ದ ಕಾರ್ಖಾನೆಯ ಸ್ಟೋರ್ಸಿನಲ್ಲಿ, ನನ್ನ ಕಿಟಕಿಗೆ ಬಂದ ಚೀಟಿಯಲ್ಲಿ ಒಂಬತ್ತು ಕಾಲಂ ತುಂಬಿರಬೇಕಿತ್ತು. ಒಮ್ಮೆ ರಾಯಕೋಟೆಯ ಮುನಿರಾಜು, ಯಂತ್ರ ರಿಪೇರಿಯವನು, ಬೇರಿಂಗ್ ಕೇಳಿ ಬಂದ. ಅಳತೆ ಸರಿಯಿತ್ತು. ‘ಕಾರಣ’ ಎಂಬಲ್ಲಿ ಖಾಲಿ. ಚೀಟಿ ಹಿಂದಕ್ಕೆ ತಳ್ಳಿದೆ.

“ಅಳತೆ ತಪ್ಪಿದ್ರೆ ಬೈಯಿ ಸಾರ್. ಕಾರಣ ಏನಂತ ಬರೀಲಿ, ಒಡೆದೋಯ್ತು ಅಂತ್ಲಾ?”

“ಹಾಗೇ ಬರೆ. ಮೇಲಿನವರ ಸಹಿಯೂ ಬೇಕು.”

ಅವನು ಸಹಿ ಹಾಕಿಸಿ ಬರುವಷ್ಟರಲ್ಲಿ ಊಟದ ಗಂಟೆ ಹೊಡೆಯಿತು. ನಾನು ಕಿಟಕಿ ಮುಚ್ಚಿದೆ. ಕಿಟಕಿ ಮತ್ತೆ ತೆರೆಯುವವರೆಗೆ ಯಂತ್ರ ನಿಂತೇ ಇತ್ತು, ಅದರ ಸುತ್ತ ನಾಲ್ವರು ಕೈಕಟ್ಟಿ ಕೂತರು. ಈ ಕಥೆಯನ್ನು ನನ್ನ ಶಿಸ್ತಿಗೆ ಸಾಕ್ಷಿಯೆಂದು ಎಷ್ಟೋ ಮದುವೆ ಊಟಗಳಲ್ಲಿ ಹೇಳಿದ್ದೇನೆ. ಆ ಬೆಳಗ್ಗೆ ಮೊದಲ ಬಾರಿಗೆ ಅದನ್ನು ಮುನಿರಾಜುವಿನ ಕಡೆಯಿಂದ ಕೇಳಿಸಿಕೊಂಡೆ. ಬೇರಿಂಗಿಗೆ ಅಳತೆ ಬೇಕು, ನಿಜ. ಉಳಿದದ್ದು ನನಗೆ ಬೇಕಾಗಿತ್ತು, ಅಷ್ಟೆ.

“ಸರಿ,” ಎಂದೆ. “ಕಟ್ಟಿನ ಲೆಕ್ಕಕ್ಕೆ ಮಾತ್ರ ಬರೆ.”

ಶಶಿಕಲಾ ಪುಟವನ್ನು ಆ ಇನ್ನೊಂದು ರೂಪಕ್ಕೆ ಬದಲಿಸಿ, ಅಷ್ಟಕ್ಕೆ ಮಾತ್ರ ಬರೆದಳು. ತಕ್ಷಣ ಕೆಳಗೆ ಕೆಂಪು ಗೆರೆ: ಕೇಳಿದ್ದು ಸಂಖ್ಯೆ, ಬರುತ್ತಿರುವುದು ಅಕ್ಷರ. ಅಕ್ಷರವನ್ನು ಸಂಖ್ಯೆಯಾಗಿಸುವ ಒಂದು ಸಾಲು ಸೇರಿಸಿದಳು. ಇಪ್ಪತ್ತೈದು. ಉಳಿದ ಬೆಳೆಗಾರರಿಗೆಲ್ಲ ಒಬ್ಬೊಬ್ಬರಾಗಿ ಫೋನ್ ಮಾಡಿ ತಾಳೆ ನೋಡಿದೆವು. ನಾಲ್ಕು ಗಂಟೆಗೆ ವೆಂಕಟಪ್ಪ, “ಈಗ ಸರಿ ಐತೆ. ನಾಳೆ ಮೂವತ್ತು ಕುಯ್ತೀನಿ, ನಾನೇ ತುಂಬ್ತೀನಿ ಬಿಡು,” ಎಂದ.

ಸರಿಯಾದ ಒಟ್ಟು ನೋಡಿದಾಗ ಮರುದಿನಕ್ಕೆ ಚಿಕ್ಕ ವಾಹನ ಸಾಕೆಂದು ಗೊತ್ತಾಯಿತು. ಚಾಲಕನಿಗೆ ತಿಳಿಸಿದೆ. ಅಂದಿನ ಕೊನೆಯ ಕೆಲಸ ಅದೇ. ಗಂಟೆ ಇನ್ನೂ ಐದಾಗಿರಲಿಲ್ಲ.